ಬೆಂಜ್ ಕಾರಿನ ಹಿಂದಿದ್ದ ಬೆರ್ತಾ: ವಾಟ್ಸ್ಯಾಪ್ ಕಥೆಯಲ್ಲಿ ಎಷ್ಟು ನಿಜ?

ಕಬಕದ ನಮ್ಮ ಫ್ಯಾಮಿಲಿ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು. ನಿಮಗೂ ಬಂದಿರಬಹುದು. ಮರ್ಸಿಡಿಸ್ ಎಂಬುದು ಬೆಂಜ್ ಎಂಬ ಎಂಜಿನಿಯರನ ಮಗಳ ಹೆಸರಂತೆ. ಅವನು ಮಾಡಿದ ಕಾರನ್ನು ಯಾರೂ ಕೊಳ್ಳದಿದ್ದಾಗ ಹೆಂಡತಿ ರಾತ್ರೋರಾತ್ರಿ ಕಾರು ಕದ್ದು ತವರಿಗೆ ಓಡಿಸಿದಳಂತೆ. ಮರುದಿನದಿಂದ ಇಡೀ ಜಗತ್ತು ಆ ಕಾರಿಗೆ ಕ್ಯೂ ನಿಂತಿತಂತೆ. ಕೆಳಗೊಂದು ಹಳೇ ಕಪ್ಪು ಬಿಳುಪು ಫೋಟೋ, ನಾಲ್ಕು ಕೈಮುಗಿಯುವ ಇಮೋಜಿ.

ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದರಲ್ಲಿ ಸಾಕಷ್ಟು ನಿಜ ಇದೆ. ಮೂರನೆಯದು ಉಪ್ಪು ಖಾರ ಹಚ್ಚಿದ್ದು. ಆದರೆ ನಾವು ಓದುತ್ತಾ ಹೋದಂತೆ, ಫಾರ್ವರ್ಡ್‌ನಲ್ಲಿ ಇಲ್ಲದ ಒಂದು ಸಂಗತಿಯೇ ಎಲ್ಲಕ್ಕಿಂತ ದೊಡ್ಡದು ಅನಿಸಿತು. ಅದು ದುಡ್ಡಿನ ವಿಷಯ. ಹಾಗಾಗಿ ಬೆರ್ತಾ ಬೆಂಜ್ ಅವರ ಬದುಕನ್ನು ಮೊದಲಿನಿಂದಲೇ ಹೇಳುತ್ತೇವೆ.

ಅದಕ್ಕೂ ಮುಂಚೆ ಒಂದು ಮಾತು. ನಮ್ಮೂರಿನ ಹಿರಿಯರಿಗೆ ಬೆಂಜ್ ಎಂದರೆ ಶ್ರೀಮಂತರ ಕಾರಲ್ಲ, ಲಾರಿ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡಲು ಶುರುಮಾಡಿತು. ಆ ಒಪ್ಪಂದ 1969ರವರೆಗೆ ನಡೆಯಿತು. ಅಷ್ಟು ವರ್ಷ ಟಾಟಾ ಲಾರಿಗಳ ಮೂತಿಯ ಮೇಲೆ ಇದ್ದದ್ದು ಅದೇ ಮೂರು ಮೊನೆಯ ನಕ್ಷತ್ರ. ಇವತ್ತು ಕಬಕ ಜಂಕ್ಷನ್ನಿನಲ್ಲಿ ವಿಟ್ಲದ ಕಡೆ ತಿರುಗುವ ಬೆಂಜ್ ಕಾರನ್ನು ಮಕ್ಕಳು ತಿರುಗಿ ನೋಡುತ್ತಾರೆ. ಆದರೆ ಆ ನಕ್ಷತ್ರ ನಮ್ಮ ದೇಶದ ರಸ್ತೆಗಳಿಗೆ ಹೊಸತೇನಲ್ಲ.

ವರದಕ್ಷಿಣೆ ಹಣ ವರ್ಕ್‌ಶಾಪಿಗೆ

ಬೆರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಪ್ಫೋರ್ಟ್ಸ್‌ಹೈಮ್ ಊರಿನಲ್ಲಿ. ತಂದೆ ರಿಂಗರ್, ಬಡಗಿ ಕೆಲಸದಿಂದ ಮೇಲೆ ಬಂದು ಕಟ್ಟಡ ಕಟ್ಟಿಸಿ ದುಡ್ಡು ಮಾಡಿದವರು. ಕೊರತೆ ಇಲ್ಲದ ಮನೆ.

ಕಾರ್ಲ್ ಬೆಂಜ್ ಅವರದ್ದು ಇದಕ್ಕೆ ತದ್ವಿರುದ್ಧ. ರೈಲು ಎಂಜಿನ್ ಓಡಿಸುತ್ತಿದ್ದ ಅಪ್ಪ ತೀರಿಕೊಂಡಾಗ ಅವರಿಗೆ ಎರಡು ವರ್ಷ. ಅಮ್ಮ ಕಷ್ಟಪಟ್ಟು ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜಿನಲ್ಲಿ ಓದಿಸಿದರು. 1869ರ ಜೂನ್‌ನಲ್ಲಿ ಒಂದು ಸಂಘದ ಪ್ರವಾಸದಲ್ಲಿ ಇಬ್ಬರ ಭೇಟಿಯಾಯಿತು. ಕುದುರೆ ಇಲ್ಲದೆ ಓಡುವ ಗಾಡಿ ಮಾಡಬೇಕು ಎಂಬುದು ಈ ಹುಡುಗನ ತಲೆಯಲ್ಲಿ ಆಗಲೇ ಕೂತಿತ್ತು. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

1871ರಲ್ಲಿ ಕಾರ್ಲ್ ಒಬ್ಬ ಪಾಲುದಾರರ ಜೊತೆ ಮನ್‌ಹೈಮ್‌ನಲ್ಲಿ ವರ್ಕ್‌ಶಾಪ್ ತೆರೆದರು. ಪಾಲುದಾರ ಆಗಸ್ಟ್ ರಿಟ್ಟರ್ ಜೊತೆ ಕೂಡಿಬರಲಿಲ್ಲ. ಅವರ ಪಾಲನ್ನು ಕೊಟ್ಟು ಕಳಿಸದಿದ್ದರೆ ವರ್ಕ್‌ಶಾಪ್ ಮುಚ್ಚಬೇಕು ಎಂಬ ಸ್ಥಿತಿ. ಆಗ ಬೆರ್ತಾ ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮುಂಚೆಯೇ ತಂದೆಯಿಂದ ತೆಗೆಸಿಕೊಟ್ಟರು. ಆ ಹಣದಲ್ಲಿ ರಿಟ್ಟರ್ ಪಾಲು ತೀರಿತು, ವರ್ಕ್‌ಶಾಪ್ ಉಳಿಯಿತು. ಮದುವೆ ನಡೆದದ್ದು ಮರುವರ್ಷ, 1872ರ ಜುಲೈ 20ಕ್ಕೆ.

ಆ ದಿನಾಂಕಗಳ ಹಿಂದುಮುಂದು ಸುಮ್ಮನೆ ಅಲ್ಲ, ಸ್ವಲ್ಪ ಗಮನಿಸಿ. ಮದುವೆಯಾಗದ ಬೆರ್ತಾ ತನ್ನ ಹಣವನ್ನು ಹೀಗೆ ತೊಡಗಿಸಬಹುದಿತ್ತು. ಮದುವೆಯಾದ ಬೆರ್ತಾಗೆ ಅಂದಿನ ಕಾನೂನಿನಲ್ಲಿ ಗಂಡನ ಒಪ್ಪಿಗೆ ಇಲ್ಲದೆ ಸ್ವಂತ ವ್ಯವಹಾರ ನಡೆಸುವ ಹಕ್ಕಿರಲಿಲ್ಲ. ಕಂಪನಿಯನ್ನು ಉಳಿಸಿದ ಹಣ ಅವರದ್ದು, ಕಂಪನಿ ಮಾತ್ರ ಅವರದ್ದಾಗಲಿಲ್ಲ. ನಮ್ಮ ಕಡೆ ಹೆಂಡತಿಯ ಚಿನ್ನ ಸೊಸೈಟಿಯಲ್ಲಿ ಅಡವಿಟ್ಟು ಗಂಡನ ಹೆಸರಿನಲ್ಲಿ ಪಿಕಪ್ ತೆಗೆಯುವ ಮನೆಗಳು ಎಷ್ಟಿಲ್ಲ? ಹಾಗಾಗಿ ಈ ಭಾಗ ನಮಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಮುಂದಿನ ಏಳೆಂಟು ವರ್ಷ ಬರೀ ಸಾಲ. ಮನೆಯಲ್ಲಿ ಚಿಕ್ಕ ಮಕ್ಕಳು, ವರ್ಕ್‌ಶಾಪಿನಲ್ಲಿ ಸ್ಟಾರ್ಟ್ ಆಗದ ಎಂಜಿನ್. 1879ರ ಡಿಸೆಂಬರ್ 31ರ ರಾತ್ರಿ ಗಂಡ ಹೆಂಡತಿ ಮತ್ತೊಮ್ಮೆ ಪ್ರಯತ್ನಿಸಿದಾಗ ಆ ಎರಡು ಸ್ಟ್ರೋಕಿನ ಎಂಜಿನ್ ನಿಲ್ಲದೆ ಓಡಿತು. ಆ ಎಂಜಿನ್ ಮಾರಾಟದಿಂದಲೇ ಮನೆ ಸುಧಾರಿಸಿದ್ದು. 1883ರಲ್ಲಿ ಹೊಸ ಪಾಲುದಾರರೊಂದಿಗೆ ಬೆಂಜ್ ಕಂಪನಿ ಶುರುವಾಯಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಲಾಯಿತು. ಒಂದೇ ಸಿಲಿಂಡರ್, ಒಂದು ಅಶ್ವಶಕ್ತಿಗಿಂತಲೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ನಮ್ಮ ಆಟೋರಿಕ್ಷಾ ಎದುರು ಅದು ಆಟದ ಸಾಮಾನು.

ಇದೇ ಜಗತ್ತಿನ ಮೊದಲ ಕಾರೇ? ಹೌದು ಎಂದು ಒಂದೇ ಮಾತಿನಲ್ಲಿ ಹೇಳುವ ಫಾರ್ವರ್ಡ್‌ಗಳ ಬಗ್ಗೆ ಸ್ವಲ್ಪ ಜಾಗ್ರತೆ. 1769ರಲ್ಲೇ ಫ್ರಾನ್ಸಿನ ಕ್ಯುನ್ಯೋ ಹಬೆಯ ಗಾಡಿ ಓಡಿಸಿದ್ದರು. ವಿಯೆನ್ನಾದ ಯಹೂದಿ ಸಂಶೋಧಕ ಸೀಗ್‌ಫ್ರೀಡ್ ಮಾರ್ಕುಸ್ ಪೆಟ್ರೋಲ್ ಗಾಡಿಗಳನ್ನು ಮಾಡಿದ್ದರು. ಯಹೂದಿ ಎಂಬ ಒಂದೇ ಕಾರಣಕ್ಕೆ 1940ರಲ್ಲಿ ನಾಜಿ ಸರ್ಕಾರ ವಿಶ್ವಕೋಶಗಳಿಂದ ಅವರ ಹೆಸರು ತೆಗೆದು ಬೆಂಜ್, ಡೈಮ್ಲರ್ ಹೆಸರು ಹಾಕಿಸಿತು. ಎಂಜಿನ್ನಿಗೆಂದೇ ಇಡೀ ಗಾಡಿಯನ್ನು ಹೊಸದಾಗಿ ರೂಪಿಸಿ, ಪೇಟೆಂಟ್ ಪಡೆದು, ಮಾಡಿ ಮಾರಿದವರಲ್ಲಿ ಬೆಂಜ್ ಮೊದಲಿಗರು. ಅಷ್ಟು ಹೇಳಿದರೆ ಸರಿಯಾಗುತ್ತದೆ.

ಆ 1888ರ ಪ್ರಯಾಣ

ಗಾಡಿ ತಯಾರಾಗಿ ಎರಡು ವರ್ಷ ಕಳೆದರೂ ಕೊಳ್ಳುವವರು ಹೆಚ್ಚಿರಲಿಲ್ಲ. ಕಾರ್ಲ್ ಸ್ವಭಾವ ಹಿಂಜರಿಕೆಯದು, ಎಷ್ಟು ಸರಿಮಾಡಿದರೂ ಇನ್ನೂ ಸರಿಯಾಗಬೇಕು ಎನ್ನುವವರು. 1888ರ ಆಗಸ್ಟ್‌ನ ಒಂದು ಬೆಳಗಿನ ಜಾವ ಬೆರ್ತಾ ಇಬ್ಬರು ಗಂಡುಮಕ್ಕಳನ್ನು, 15ರ ಓಯ್ಗನ್ ಮತ್ತು 13ರ ರಿಚರ್ಡ್‌ನನ್ನು, ಎಬ್ಬಿಸಿ ಗಾಡಿ ಹೊರತೆಗೆದರು. ಎಂಜಿನ್ ಸದ್ದಿಗೆ ಗಂಡ ಎಚ್ಚರಗೊಳ್ಳಬಾರದೆಂದು ಮನೆಯಿಂದ ಸ್ವಲ್ಪ ದೂರ ತಳ್ಳಿಕೊಂಡೇ ಹೋದರು ಎನ್ನುತ್ತಾರೆ. ಹೋಗಬೇಕಾದದ್ದು ತವರೂರು ಪ್ಫೋರ್ಟ್ಸ್‌ಹೈಮ್‌ಗೆ. ಹೋಗುವಾಗ ಹಿಡಿದ ದಾರಿ ಸುಮಾರು 104 ಕಿಲೋಮೀಟರ್. ಕಬಕದಿಂದ ಮಂಗಳೂರಿಗೆ ಹೋಗಿ ವಾಪಸು ಬಂದಷ್ಟು ಅಂದುಕೊಳ್ಳಿ. ಅಲ್ಲಿಯವರೆಗೆ ಈ ಗಾಡಿ ಪೇಟೆಯ ಸುತ್ತಮುತ್ತ ಮಾತ್ರ ಓಡಿತ್ತು. ಅದೇ ತಿಂಗಳು ಸರ್ಕಾರ ಕಾರ್ಲ್‌ಗೆ ಕೊಟ್ಟಿದ್ದ ಓಡಿಸುವ ಅನುಮತಿಯೂ ಮನ್‌ಹೈಮ್ ಸುತ್ತಲಿನ ಜಾಗಗಳಿಗಷ್ಟೇ.

ಕದ್ದದ್ದು ಎನ್ನುವುದು ಅತಿಯಾಯಿತು. ಹೇಳದೆ ತೆಗೆದುಕೊಂಡು ಹೋದದ್ದು ನಿಜ. ಅವರೇ ದುಡ್ಡು ಹಾಕಿದ ವರ್ಕ್‌ಶಾಪಿನ ಗಾಡಿ, ಕದಿಯುವುದೆಲ್ಲಿಂದ ಬಂತು!

ದಾರಿಯಲ್ಲಿ ಏನೇನಾಯಿತು ಎಂಬುದೇ ನಮಗೆ ತುಂಬಾ ಇಷ್ಟವಾದ ಭಾಗ.

ಮೊದಲು ನೀರು. ಆ ಗಾಡಿಗೆ ರೇಡಿಯೇಟರ್ ಇರಲಿಲ್ಲ. ಎಂಜಿನ್ ಸುತ್ತ ಇರುವ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ ತಣ್ಣಗಾಗಬೇಕು. ಅಂದರೆ ಹೋಟೆಲು, ಬಾವಿ, ತೋಡು ಸಿಕ್ಕಲ್ಲೆಲ್ಲ ನಿಲ್ಲಿಸಿ ನೀರು ತುಂಬಿಸುತ್ತಲೇ ಹೋಗಬೇಕು.

ಆಮೇಲೆ ಇಂಧನ. ಗಾಡಿಯಲ್ಲಿ ಹಿಡಿಯುತ್ತಿದ್ದುದು ಕೆಲವೇ ಲೀಟರ್. ಪೆಟ್ರೋಲ್ ಬಂಕ್ ಎಂಬುದೇ ಆಗ ಇರಲಿಲ್ಲ. ಆ ಎಂಜಿನ್ನಿಗೆ ಬೇಕಾಗಿದ್ದುದು ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರಾವಣ. ಅದನ್ನು ಬಟ್ಟೆಯ ಕಲೆ ತೆಗೆಯಲು ಮೆಡಿಕಲ್ ಶಾಪ್‌ಗಳಲ್ಲಿ ಮಾರುತ್ತಿದ್ದರು. ವೀಸ್‌ಲೋಖ್ ಎಂಬ ಪೇಟೆಯ ಮೆಡಿಕಲ್‌ನಲ್ಲಿ ಬೆರ್ತಾ ಇದ್ದಷ್ಟನ್ನೂ ಕೊಂಡರು. ಆ ಅಂಗಡಿ ಇವತ್ತು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಹೆಸರಾಗಿದೆ. ನಮ್ಮ ಹಳ್ಳಿಯ ಗೂಡಂಗಡಿಯಲ್ಲಿ ಬಾಟ್ಲಿ ಪೆಟ್ರೋಲ್ ಕೊಂಡವರಿಗೆ ಆ ದೃಶ್ಯ ಊಹಿಸುವುದು ಸುಲಭ.

ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನು ಹಾಕಿ ಬಿಡಿಸಿದರು. ಇಗ್ನಿಷನ್ ವಯರಿನ ಹೊದಿಕೆ ಸವೆದು ಶಾರ್ಟ್ ಆದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದರು. ಬ್ರುಖ್‌ಸಾಲ್‌ನಲ್ಲಿ ಕಮ್ಮಾರನೊಬ್ಬ ಚೈನು ಸರಿಮಾಡಿಕೊಟ್ಟ. ಏರು ಬಂದಲ್ಲಿ ಎಂಜಿನ್ ಸೋತಿತು, ಹುಡುಗರು ಇಳಿದು ತಳ್ಳಿದರು. ಇಳಿಜಾರಿನಲ್ಲಿ ಮರದ ಬ್ರೇಕು ಕಟ್ಟೆಗಳು ಚಕ್ರಕ್ಕೆ ಉಜ್ಜಿ ಉಜ್ಜಿ ಸವೆದವು. ಆಗ ಬೆರ್ತಾ ಬೌಶ್‌ಲೋಟ್ ಹಳ್ಳಿಯ ಚಪ್ಪಲಿ ಹೊಲಿಯುವವನಿಂದ ಬ್ರೇಕಿನ ಮೇಲೆ ಚರ್ಮ ಹೊಡೆಸಿದರು. ಗ್ಯಾರೇಜಿನಲ್ಲಿ ಬ್ರೇಕ್ ಲೈನಿಂಗ್ ಹೋಗಿದೆ ಅನ್ನುತ್ತಾರಲ್ಲ, ಆ ಲೈನಿಂಗಿನ ಮೂಲ ಇದೇ ಎನ್ನುವವರು ಬಹಳ ಮಂದಿ.

ಕತ್ತಲಾಗುವ ಹೊತ್ತಿಗೆ ತವರು ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕೊಟ್ಟರು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ, ಬೇರೆ ದಾರಿಯಲ್ಲಿ, ಮನೆಗೆ ಬಂದರು. ಏರು ಹತ್ತದ ದೂರು ಕೇಳಿದ ಕಾರ್ಲ್ ಗಾಡಿಗೆ ಇನ್ನೊಂದು ಕಡಿಮೆ ವೇಗದ ಗೇರ್ ಸೇರಿಸಿದರು. ಸಂಪಾಜೆ ಘಾಟಿ ಹತ್ತುವಾಗ ಡ್ರೈವರ್ ಫಸ್ಟ್ ಗೇರಿಗೆ ಇಳಿಸುತ್ತಾರಲ್ಲ, ಆ ಕೆಲಸಕ್ಕೆ.

ಈ ವಿವರಗಳ ಬಗ್ಗೆ ಒಂದು ಎಚ್ಚರಿಕೆ. ಇವು ಮುಖ್ಯವಾಗಿ ಮನೆಯವರ ನೆನಪಿನಿಂದ ಬಂದವು. ಕಾರ್ಲ್ ಆತ್ಮಕಥೆ ಹೊರಬಂದದ್ದು 1925ರಲ್ಲಿ, ಅಂದರೆ 37 ವರ್ಷ ಆದಮೇಲೆ. ಪ್ರಯಾಣ ನಡೆದದ್ದರಲ್ಲಿ ಸಂಶಯ ಬೇಡ. ಆದರೆ ಕಾರಿಗೆ ಪ್ರಚಾರ ಕೊಡಬೇಕೆಂದು ಲೆಕ್ಕ ಹಾಕಿಯೇ ಬೆರ್ತಾ ಹೊರಟರು ಎನ್ನುವುದು ನಂತರದವರು ಕೊಟ್ಟ ಅರ್ಥ. ಆತ್ಮಕಥೆಯಲ್ಲಿ ಶಾಲೆಗೆ ರಜೆ ಇದ್ದ ಹುಡುಗರ ಉತ್ಸಾಹಕ್ಕೂ ಸಾಕಷ್ಟು ಪಾಲಿದೆ. ನಮಗೆ ಅನಿಸುವುದು, ಎರಡೂ ಇದ್ದಿರಬಹುದು. ಅಮ್ಮಂದಿರು ತವರಿಗೆ ಹೊರಡುವಾಗ ಒಂದೇ ಕಾರಣ ಇಟ್ಟುಕೊಂಡು ಹೊರಡುವುದು ಕಡಿಮೆ.

ಮರುದಿನ ಜಗತ್ತು ಕ್ಯೂ ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು, ಪ್ಯಾರಿಸ್‌ನಲ್ಲಿ ಕೆಲವು ಹೋದವು. ಆ ಮೂರು ಚಕ್ರದ ಮಾದರಿ 1893ರವರೆಗೆ ಮಾರಾಟವಾದದ್ದು 25ರ ಆಸುಪಾಸು. ನಿಜವಾದ ಗಿರಾಕಿ ಬಂದದ್ದು 1894ರಲ್ಲಿ ಹೊರಬಂದ ಅಗ್ಗದ, ಪುಟ್ಟ ವೆಲೋ ಗಾಡಿಗೆ. 1899ರಲ್ಲಿ 572 ಗಾಡಿ ಮಾರಿ ಬೆಂಜ್ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಯಿತು. ಇಂದಿನ ಲಕ್ಷುರಿ ಬ್ರ್ಯಾಂಡ್ ಮೇಲೆ ಬಂದದ್ದು ಸಣ್ಣ ಕಾರಿನಿಂದ, ನೋಡಿ.

ಹಾಗಾದರೆ ಮರ್ಸಿಡಿಸ್ ಯಾರು?

ಬೆರ್ತಾ ಅವರಿಗೆ ಐದು ಮಕ್ಕಳು. ಓಯ್ಗನ್, ರಿಚರ್ಡ್, ಕ್ಲಾರಾ, ಟಿಲ್ಡೆ, ಎಲ್ಲೆನ್. ಇದರಲ್ಲಿ ಮರ್ಸಿಡಿಸ್ ಇಲ್ಲ.

ಆ ಹೆಸರು ಎದುರಾಳಿ ಕಂಪನಿಯಿಂದ ಬಂದದ್ದು. ಸ್ಟುಟ್‌ಗಾರ್ಟ್ ಬಳಿಯ ಗಾಟ್ಲೀಬ್ ಡೈಮ್ಲರ್ ಕಂಪನಿಯ ಕಾರುಗಳನ್ನು ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ಫ್ರಾನ್ಸಿನ ಶ್ರೀಮಂತರಿಗೆ ಮಾರುತ್ತಿದ್ದರು. ಅವರ ಮಗಳು ಮರ್ಸಿಡಿಸ್. 1901ರಲ್ಲಿ ಓಟದಲ್ಲಿ ಹೆಸರು ಮಾಡಿದ 35 ಅಶ್ವಶಕ್ತಿಯ ಹೊಸ ಕಾರಿಗೆ ಆ ಹುಡುಗಿಯ ಹೆಸರಿಟ್ಟರು, ಮರುವರ್ಷ ಅದು ಟ್ರೇಡ್‌ಮಾರ್ಕ್ ಆಯಿತು. ವೇಗ, ದುಡ್ಡು, ಪ್ರತಿಷ್ಠೆ ಎಂಬ ಆಕರ್ಷಣೆಯ ಬಹುಪಾಲು ಈ ಕಡೆಯಿಂದ ಬಂದದ್ದೇ ಹೊರತು ಬೆಂಜ್ ಮನೆಯಿಂದಲ್ಲ. ನಕ್ಷತ್ರವೂ ಡೈಮ್ಲರ್ ಕಡೆಯದು, 1909ರಲ್ಲಿ ನೋಂದಾಯಿಸಿದ್ದು. ಮೊದಲ ಮಹಾಯುದ್ಧದ ನಂತರದ ಬಿಕ್ಕಟ್ಟಿನಲ್ಲಿ ಎರಡೂ ಕಂಪನಿಗಳು ಒದ್ದಾಡಿ 1926ರಲ್ಲಿ ಒಂದಾದವು. ಆಗ ಹುಟ್ಟಿದ್ದು ಮರ್ಸಿಡಿಸ್-ಬೆಂಜ್.

ಅಷ್ಟರಲ್ಲಿ ಬೆರ್ತಾ 77ರ ಅಜ್ಜಿ. ಕಾರ್ಲ್ 1903ರಲ್ಲೇ ಕಂಪನಿಯ ಆಡಳಿತದಿಂದ ಹೊರಬಂದು, ಮಕ್ಕಳ ಜೊತೆ ಲಾಡೆನ್‌ಬುರ್ಗ್‌ನಲ್ಲಿ ಸಣ್ಣ ಕಾರ್ಖಾನೆ ಮಾಡಿದ್ದರು. ಅವರು ತೀರಿಕೊಂಡದ್ದು 1929ರಲ್ಲಿ. ಬೆರ್ತಾ ಆಮೇಲೆ 15 ವರ್ಷ ಬದುಕಿದರು. ಅವರ ಕೊನೆಗಾಲದಲ್ಲಿ ಅದೇ ಹೆಸರಿನ ಕಂಪನಿ ಹಿಟ್ಲರನ ಯುದ್ಧಕ್ಕೆ ಎಂಜಿನ್, ಲಾರಿ ಮಾಡುತ್ತಿತ್ತು. ಬಲವಂತವಾಗಿ ಹಿಡಿದು ತಂದವರನ್ನೂ ಯುದ್ಧಕೈದಿಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ದುಡಿಸಿಕೊಂಡಿತು. ಕಂಪನಿಯೇ ನಂತರ ಒಪ್ಪಿಕೊಂಡ ಸಂಗತಿ ಇದು. ಕೈಮುಗಿಯುವ ಫಾರ್ವರ್ಡ್‌ಗಳಲ್ಲಿ ಇದು ಇರುವುದಿಲ್ಲ.

1944ರ ಮೇ 3ರಂದು, 95ನೇ ಹುಟ್ಟುಹಬ್ಬಕ್ಕೆ, ಕಾರ್ಲ್ ಓದಿದ್ದ ಕಾರ್ಲ್ಸ್‌ರೂಹೆಯ ಅದೇ ತಾಂತ್ರಿಕ ಸಂಸ್ಥೆ ಬೆರ್ತಾ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಗಂಡನಿಗೆ ಗೌರವ ಡಾಕ್ಟರೇಟ್ ಸಿಕ್ಕಿ ಆಗ 30 ವರ್ಷ ಕಳೆದಿತ್ತು. ಎರಡು ದಿನ ಬಿಟ್ಟು, ಮೇ 5ರಂದು ಬೆರ್ತಾ ತೀರಿಕೊಂಡರು. ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್ ಕಾರ್ಲ್ ಹೆಸರನ್ನು 1984ರಲ್ಲಿ ಸೇರಿಸಿತು, ಬೆರ್ತಾ ಹೆಸರನ್ನು 2016ರಲ್ಲಿ.

ಇನ್ನು ಆ ಫೋಟೋ. ಈ ಫಾರ್ವರ್ಡ್ ನಿಮಗೆ ಬಂದರೆ ಚಕ್ರ ಎಣಿಸಿ. 1888ರಲ್ಲಿ ಬೆರ್ತಾ ಓಡಿಸಿದ ಗಾಡಿಗೆ ಇದ್ದದ್ದು ಮೂರೇ ಚಕ್ರ. ನಮ್ಮ ಗ್ರೂಪಿನ ಫೋಟೋದಲ್ಲಿ ನಾಲ್ಕಿತ್ತು, ಪಕ್ಕದಲ್ಲಿ ಮೀಸೆಯ ಕಾರ್ಲ್ ಕೂಡ ಕೂತಿದ್ದರು. ಬೆಂಜ್ ಕಂಪನಿ ನಾಲ್ಕು ಚಕ್ರದ ವಿಕ್ಟೋರಿಯಾ ಗಾಡಿ ತಂದದ್ದೇ 1893ರಲ್ಲಿ. ಹಾಗಾಗಿ ಅದು ಗಂಡನಿಗೆ ಹೇಳದೆ ಹೋದ ದಿನದ ಫೋಟೋ ಆಗಲು ಸಾಧ್ಯವೇ ಇಲ್ಲ.

ನಾವು ಇಷ್ಟೆಲ್ಲ ಬರೆದು ಗ್ರೂಪಿಗೆ ಹಾಕಿದಾಗ ಹೆಚ್ಚಿನವರು ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ಚಿಕ್ಕಮ್ಮ ಮಾತ್ರ, ಆ ಪೇಟೆಂಟ್ ಕಾಗದದಲ್ಲಿ ಅವಳ ಹೆಸರು ಉಂಟಾ ಎಂದು ಕೇಳಿದರು. ನಾವು ಮತ್ತೆ ಹೋಗಿ ನೋಡಿದೆವು. ಅದರ ಸಂಖ್ಯೆ 37435. 2011ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದ ದಾಖಲೆ ಅದು. ಅದರಲ್ಲಿ ಇರುವುದು ಬೆಂಜ್ ಆ್ಯಂಡ್ ಕಂಪನಿ, ಮನ್‌ಹೈಮ್ ಎಂಬ ಹೆಸರು ಮಾತ್ರ.