ಅಂಧ ಮಕ್ಕಳಿಗೆ ದಾರಿಯಾದ ಗಾನಯೋಗಿ ಪಂಚಾಕ್ಷರಿ ಗವಾಯಿ



ಮನೆಗಳ ಭೇಟಿಗೆಂದು ಹೋದಾಗ ಕೆಲವು ಮನೆಗಳಲ್ಲಿ ಎಲ್ಲರೂ ಚಾವಡಿಗೆ ಬಂದು ಕುಳಿತುಕೊಳ್ಳುತ್ತಾರೆ, ಒಂದು ಮಗು ಮಾತ್ರ ಒಳಕೋಣೆಯಲ್ಲೇ ಉಳಿಯುತ್ತದೆ. ಕೇಳಿದರೆ ತಾಯಿ ತಲೆ ತಗ್ಗಿಸುತ್ತಾಳೆ, ಅಜ್ಜಿ ಮಾತು ಮರೆಸುತ್ತಾಳೆ. ಮಗುವಿಗೆ ಕಣ್ಣು ಕಾಣುವುದಿಲ್ಲ, ಅಥವಾ ಕಿವಿ ಕೇಳುವುದಿಲ್ಲ, ಅಥವಾ ಬುದ್ಧಿ ಬೆಳೆದಿಲ್ಲ. ಆ ಮನೆಯವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಮುಂದೇನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಇಂಥ ಮನೆಗಳನ್ನು ನೆನೆದಾಗಲೆಲ್ಲ ನಮ್ಮ ಕನ್ನಡ ನಾಡಿನಲ್ಲೇ ನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ಮಹನೀಯರ ಜೀವನ ಕಣ್ಣ ಮುಂದೆ ಬರುತ್ತದೆ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಕಣ್ಣಿಲ್ಲದ ಇಬ್ಬರು ಅಣ್ಣ ತಮ್ಮಂದಿರು

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಸಣ್ಣ ಊರಿದೆ. ಅಲ್ಲಿನ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ 1892ರ ಫೆಬ್ರವರಿ 2ರಂದು ಒಂದು ಗಂಡು ಮಗು ಹುಟ್ಟಿತು. ಗದಿಗೆಯ್ಯ ಎಂದು ಹೆಸರಿಟ್ಟರು. ಮಗುವಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಮೊದಲೇ ಹುಟ್ಟಿದ್ದ ಅಣ್ಣ ಗುರುಬಸಯ್ಯನಿಗೂ ದೃಷ್ಟಿ ಇರಲಿಲ್ಲ. ಬಡತನದ ಮನೆ, ಇಬ್ಬರೂ ಮಕ್ಕಳು ಅಂಧರು. ಆ ತಾಯಿ ತಂದೆಯ ಸಂಕಟವನ್ನು ನಾವೇ ಊಹಿಸಿಕೊಳ್ಳಬೇಕು.

ಆ ಕಾಲದ ಪರಿಸ್ಥಿತಿಯನ್ನೂ ಸ್ವಲ್ಪ ನೋಡೋಣ. ಪ್ಯಾರಿಸಿನಲ್ಲಿ ವ್ಯಾಲೆಂಟಿನ್ ಆವೀ ಎಂಬವರು ಅಂಧ ಮಕ್ಕಳ ಶಾಲೆ ತೆರೆದು ಆಗಲೇ ನೂರು ವರ್ಷ ಕಳೆದಿತ್ತು. ಅದೇ ಶಾಲೆಯಲ್ಲಿ ಕಲಿತ ಲೂಯಿ ಬ್ರೈಲ್ 1824ರ ಸುಮಾರಿಗೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಬೆರಳಿನಿಂದ ಓದುವ ಚುಕ್ಕಿಗಳ ಲಿಪಿಯನ್ನು ರೂಪಿಸಿದ್ದ. ಭಾರತದಲ್ಲಿ ಆನಿ ಶಾರ್ಪ್ ಎಂಬ ಮಿಷನರಿ ಮಹಿಳೆ 1887ರಲ್ಲಿ ಅಮೃತಸರದಲ್ಲಿ ಅಂಧರ ಮೊದಲ ಶಾಲೆಯನ್ನು ಆರಂಭಿಸಿದ್ದರು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದದ್ದು 1901ರಲ್ಲಿ. ಆದರೆ ಇವೆಲ್ಲ ಹಾನಗಲ್ಲ ಸೀಮೆಯ ಬಡವರ ಕಿವಿಗೆ ಬೀಳುವಂಥ ಸುದ್ದಿಗಳಾಗಿರಲಿಲ್ಲ. ಹಳ್ಳಿಯ ಕುರುಡ ಮಗುವಿನ ಮುಂದೆ ಇದ್ದದ್ದು ಎರಡೇ ದಾರಿ: ಮನೆಯ ಮೂಲೆ, ಇಲ್ಲವೇ ಭಿಕ್ಷೆಯ ತಟ್ಟೆ.

ಸಕಾಲದಲ್ಲಿ ಚಾಚಿದ ಕೈ

ಅಣ್ಣ ತಮ್ಮಂದಿರಿಬ್ಬರಿಗೂ ಒಳ್ಳೆಯ ಕಂಠವಿತ್ತು, ಕೇಳಿದ್ದನ್ನು ಹಾಗೆಯೇ ಹಾಡುತ್ತಿದ್ದರು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಇವರ ಹಾಡು ಕೇಳಿದರು. ಮುಂದೆ 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭಾ ನದಿಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು ಇವರೇ. ಊರಿನವರಿಗೆ ಆ ಮಕ್ಕಳಲ್ಲಿ ಕುರುಡು ಕಂಡಿತ್ತು, ಸ್ವಾಮಿಗಳಿಗೆ ಕಂಠ ಕಂಡಿತು. ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು.

ಮುಂದಿನ ಕಥೆ ತಮ್ಮನದು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ನೀಲಕಂಠಬುವಾ ಮಿರಜಕರ ಅವರ ಬಳಿ ಹಿಂದುಸ್ತಾನಿ ಸಂಗೀತ ಕಲಿತರು. ಉಸ್ತಾದ್ ವಹೀದ್ ಖಾನರಿಂದಲೂ ಪಾಠ ಹೇಳಿಸಿಕೊಂಡರು. ಗಾಯನದ ಜೊತೆಗೆ ತಬಲಾ ಮುಂತಾದ ವಾದ್ಯಗಳೂ ಅವರಿಗೆ ಒಲಿದವು. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಪಡೆದ ಅವರನ್ನು ಜನ ಉಭಯ ಗಾನವಿಶಾರದ ಎಂದು ಕರೆದರು. ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾದರು.

ಇಲ್ಲಿಗೇ ನಿಂತಿದ್ದರೆ ಅವರು ಒಬ್ಬ ದೊಡ್ಡ ಗಾಯಕರಾಗಿ, ಸಂಸ್ಥಾನಿಕರ ಆಸ್ಥಾನಗಳಲ್ಲಿ ಹಾಡಿ ಸುಖವಾಗಿ ಬಾಳಬಹುದಿತ್ತು. ಆದರೆ ತಮಗೆ ಸಿಕ್ಕಿದ ಕೈಹಿಡಿತ ಇತರ ಅಂಧ ಮಕ್ಕಳಿಗೂ ಸಿಗಬೇಕೆಂದು ಅವರು ನಿಶ್ಚಯಿಸಿದರು.

ಊರೂರು ಸುತ್ತಿದ ಶಾಲೆ

1914ರಲ್ಲಿ ಕುಮಾರ ಸ್ವಾಮಿಗಳ ಆಶೀರ್ವಾದದಿಂದ ಗವಾಯಿಗಳ ಸಂಗೀತ ಶಾಲೆ ಆರಂಭವಾಯಿತು. ಅದಕ್ಕೆ ಕಟ್ಟಡವಿರಲಿಲ್ಲ. ಗುರು ಹೋದ ಊರಿಗೆ ಶಿಷ್ಯರೂ ಹೋಗುತ್ತಿದ್ದರು. ಒಂದು ಊರಿನಲ್ಲಿ ಕೆಲವು ದಿನ ಬಿಡಾರ, ಅಲ್ಲಿಯೇ ಪಾಠ, ಅಲ್ಲಿಯೇ ಊಟ, ಮತ್ತೆ ಮುಂದಿನ ಊರು. ಹೊಟ್ಟೆಗಿಲ್ಲದ ಮಕ್ಕಳು, ಹೆತ್ತವರು ತಂದು ಒಪ್ಪಿಸಿದ ಅಂಧ ಮಕ್ಕಳು ಈ ತಂಡ ಸೇರಿಕೊಂಡರು. ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ.

ಅಷ್ಟು ಮಕ್ಕಳ ಊಟಕ್ಕೆ ದಾರಿ ಏನು? ಗವಾಯಿಗಳು ಜೋಳಿಗೆ ಹಿಡಿದರು. ಅದೂ ಸಾಲದಾದಾಗ ನಾಟಕ ಕಂಪನಿ ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಆಗ ಕಂಪನಿ ನಾಟಕಗಳ ಕಾಲ. ನಾಟಕದ ಗಳಿಕೆ ಮಕ್ಕಳ ಅನ್ನಕ್ಕೆ ಹೋಗುತ್ತಿತ್ತು. ಕಣ್ಣಿಲ್ಲದವರು ರಂಗದ ಮೇಲೆ ಹಾಡುವುದನ್ನು, ನುಡಿಸುವುದನ್ನು ಜನ ಟಿಕೇಟು ಕೊಟ್ಟು ಬಂದು ನೋಡಿದರು. ಭಿಕ್ಷೆ ಬೇಡಬೇಕಾಗಿದ್ದ ಮಗು ತನ್ನ ದುಡಿಮೆಯ ಅನ್ನವನ್ನು ಉಂಡಿತು.

ಕೊನೆಗೆ ಗದಗಿನಲ್ಲಿ ನೆಲೆ ಸಿಕ್ಕಿತು. ಬಸರಿಗಿಡದ ವೀರಪ್ಪ ಎಂಬ ದಾನಿಗಳು ಜಾಗ ಕೊಟ್ಟು ನೆರವಾದರು. ಅವರ ಹೆಸರಿನಿಂದಲೇ ಆ ಸಂಸ್ಥೆ ವೀರೇಶ್ವರ ಪುಣ್ಯಾಶ್ರಮವಾಯಿತು.

ಕಿವಿ ಮತ್ತು ಬೆರಳಿನ ಪಾಠ

ಗವಾಯಿಗಳ ಕಾಲದಲ್ಲಿ ಭಾರತೀಯ ಭಾಷೆಗಳಿಗೆ ಒಂದೇ ಬಗೆಯ ಬ್ರೈಲ್ ಲಿಪಿ ಇರಲಿಲ್ಲ. ಭಾರತಿ ಬ್ರೈಲ್ ಜಾರಿಗೆ ಬಂದದ್ದು 1951ರಲ್ಲಿ, ಅವರು ತೀರಿಕೊಂಡ ಏಳು ವರ್ಷಗಳ ನಂತರ. ಹಾಗಾದರೆ ಪಾಠ ಹೇಗೆ? ಗುರು ಹಾಡಬೇಕು, ಮಗು ಅದನ್ನು ತಿರುಗಿ ಹಾಡಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿಸಿ ನಂತರ ಕೈಗೆ ತರಬೇಕು. ಹಾರ್ಮೋನಿಯಂ ಮನೆಗಳ ಮೇಲೆ ಮಗುವಿನ ಬೆರಳು ಹಿಡಿದು ಇಡಬೇಕು. ಕಣ್ಣಿಲ್ಲದ ಮಗುವಿಗೆ ಕಲಿಸಲು ಕಣ್ಣಿಲ್ಲದ ಗುರುವಿಗಿಂತ ಹೆಚ್ಚು ಅರಿತವರು ಯಾರು? ಎಲ್ಲಿ ತಡವರಿಸುತ್ತದೆ, ಎಲ್ಲಿ ಹೆದರುತ್ತದೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಇಂದಿನ ವಿಶೇಷ ಶಿಕ್ಷಣ ತಜ್ಞರು ಹೇಳುವುದೂ ಇದನ್ನೇ. ಕಣ್ಣು ಕಾಣುವ ಕೂಸು ಬಣ್ಣದ ಆಟಿಕೆ ಕಂಡು ಕೈ ಚಾಚುತ್ತದೆ, ಅದರ ಹಿಂದೆ ಅಂಬೆಗಾಲಿಡುತ್ತದೆ. ಕಾಣದ ಕೂಸಿಗೆ ಆ ಆಸೆ ಹುಟ್ಟುವುದಿಲ್ಲ, ಆದ್ದರಿಂದ ಅದು ಮಲಗಿದಲ್ಲೇ ಉಳಿಯುತ್ತದೆ. ಮೈಗೆ ಏನೂ ಕೊರತೆಯಿಲ್ಲದಿದ್ದರೂ ಕೂರುವುದು, ನಡೆಯುವುದು, ಮಾತು ಎಲ್ಲವೂ ತಡವಾಗುತ್ತದೆ. ಮೊದಲ ವರ್ಷದಲ್ಲಿಯೇ ಸದ್ದು ಮಾಡುವ ಆಟಿಕೆ ಕೈಗೆ ಕೊಟ್ಟು, ಎತ್ತಿಕೊಳ್ಳುವ ಮೊದಲು ಹೆಸರು ಹಿಡಿದು ಕರೆದು, ಬಟ್ಟಲು ಚಮಚ ನೀರು ಮಣ್ಣು ಎಲ್ಲವನ್ನೂ ಮುಟ್ಟಿಸಿ ಹೆಸರು ಹೇಳುತ್ತ ಬಂದರೆ ಈ ಅಂತರವನ್ನು ಬಹಳಷ್ಟು ಕಡಿಮೆ ಮಾಡಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ, ಆದರೆ ಬೇಗ ಆಗಬೇಕು. ತಡವಾದಷ್ಟೂ ಕೆಲಸ ಕಠಿಣ.

ಗವಾಯಿಗಳ ಬಳಿಗೆ ಹೀಗೆ ಎಳೆಯ ವಯಸ್ಸಿನಲ್ಲೇ ಬಂದವರು ಪುಟ್ಟರಾಜರು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಈ ಹುಡುಗನನ್ನು ಸೋದರಮಾವ ಗವಾಯಿಗಳಿಗೆ ಒಪ್ಪಿಸಿದರು. ಗುರು ಅವರನ್ನು ಮಗನಂತೆ ಬೆಳೆಸಿದರು. ಪುಟ್ಟರಾಜರು ಗಾಯಕರಾದರು, ಹಲವು ವಾದ್ಯಗಳನ್ನು ನುಡಿಸಿದರು, ನಾಟಕಗಳನ್ನೂ ಕಾವ್ಯಗಳನ್ನೂ ರಚಿಸಿದರು. ಕಣ್ಣು ಕಾಣುವ ಮಕ್ಕಳೂ ಗವಾಯಿಗಳ ಬಳಿ ಕಲಿತರು. ಅವರಲ್ಲಿ ಬಸವರಾಜ ರಾಜಗುರು ಪ್ರಸಿದ್ಧರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಹದಿಹರೆಯದ ಬಸವರಾಜ ಹಾಡಿದರು, ಗುರುಗಳೇ ತಬಲಾ ಸಾಥ್ ನೀಡಿದರು. ಶಿಷ್ಯನನ್ನು ಮುಂದೆ ಕೂರಿಸಿ ತಾನು ಪಕ್ಕಕ್ಕೆ ಸರಿಯುವ ಗುರು ಎಷ್ಟು ಮಂದಿ?

ಗುರು ಹೋದರೂ ಶಾಲೆ ಉಳಿಯಿತು

1944ರ ಜೂನ್ 11ರಂದು ಗವಾಯಿಗಳು ನಿಧನರಾದರು. ವಯಸ್ಸು ಕೇವಲ 52. ಅವರು ಬಿಟ್ಟುಹೋದದ್ದು ಆಸ್ತಿಯನ್ನಲ್ಲ, ಅನ್ನ ಹಾಕಬೇಕಾದ ಮಕ್ಕಳನ್ನು. ಆ ಹೊಣೆಯನ್ನು ಮೂವತ್ತು ವರ್ಷದ ಪುಟ್ಟರಾಜರು ಹೊತ್ತರು ಮತ್ತು 2010ರ ಸೆಪ್ಟೆಂಬರ್ 17ರಂದು ತಾವು ತೀರಿಕೊಳ್ಳುವವರೆಗೂ, 66 ವರ್ಷಗಳ ಕಾಲ, ಅದನ್ನು ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು. ಗುರುವಿನ ಬದುಕನ್ನು ಆಧರಿಸಿ 1995ರಲ್ಲಿ ಗಾನಯೋಗಿ ಪಂಚಾಕ್ಷರಿ ಗವಾಯಿ ಎಂಬ ಚಲನಚಿತ್ರ ಬಂತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

ನಮ್ಮ ಪಾಲಿನ ಕೆಲಸ

ಒಂದು ಮಾತನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ಅಂಧ ಮಕ್ಕಳೆಲ್ಲರೂ ಹಾಡುಗಾರರಾಗಬೇಕೆಂದಿಲ್ಲ. ಸಂಗೀತ ಬಾರದ ಕುರುಡ ಮಗುವಿಗೂ ಓದು, ಉದ್ಯೋಗ, ಗೌರವ ಬೇಕು. ಗವಾಯಿಗಳ ಕಾಲದಲ್ಲಿ ತೆರೆದಿದ್ದ ಬಾಗಿಲು ಬಹುಮಟ್ಟಿಗೆ ಅದೊಂದೇ. ಇಂದು ಹಲವು ಬಾಗಿಲುಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ, ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರಗಳ ವ್ಯವಸ್ಥೆಯೂ ಇದೆ.

ಕುರುಡುತನವನ್ನೇ ತಡೆಯುವ ಕೆಲಸವೂ ನಮ್ಮ ರಾಜ್ಯದಲ್ಲಿ ನಡೆದಿದೆ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಅಕ್ಷಿಪಟಲ ಕೆಡುವ ರೋಗವೊಂದಿದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಯಶವಂತಪುರಕ್ಕೆ ಸಮೀಪದ ರಾಜಾಜಿನಗರದ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ಇಂಟರ್ನೆಟ್ ಮೂಲಕ ಅದನ್ನು ಪರೀಕ್ಷಿಸುತ್ತಾರೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಶಿಶು ಇದ್ದರೆ 30 ದಿನಗಳೊಳಗೆ ಕಣ್ಣಿನ ತಪಾಸಣೆ ಮಾಡಿಸಲೇಬೇಕು. ತೀರಾ ಚಿಕ್ಕ ಶಿಶುವಿಗೆ ಇನ್ನೂ ಬೇಗ. ರೋಗ ಬಲಿತರೆ ಕಳೆದುಹೋದ ದೃಷ್ಟಿಯನ್ನು ಮರಳಿ ತರುವುದು ಅಸಾಧ್ಯವೆಂಬಷ್ಟು ಕಷ್ಟ.

ಕಾಡಶೆಟ್ಟಿಹಳ್ಳಿಯ ಆ ಮಕ್ಕಳ ಪಾಲಿಗೆ ಒಬ್ಬ ಸ್ವಾಮಿಗಳು ಬಂದರು. ಬಾರದೇ ಹೋಗಿದ್ದರೆ ಗದಿಗೆಯ್ಯನ ಹೆಸರು ಇಂದು ನಮಗೆ ತಿಳಿಯುತ್ತಲೇ ಇರಲಿಲ್ಲ, ಪುಟ್ಟರಾಜರ ಹೆಸರೂ ಇಲ್ಲ. ಹೀಗೆ ಯಾರೂ ಬಾರದೆ ಮೂಲೆಯಲ್ಲೇ ಬಾಳಿ ಮಣ್ಣಾದ ಮಕ್ಕಳೆಷ್ಟೋ! ನಮ್ಮ ವಠಾರದಲ್ಲಿ, ನಮ್ಮ ವಾಳೆಯಲ್ಲಿ ಒಳಕೋಣೆಯಲ್ಲಿ ಉಳಿದ ಮಗುವೊಂದು ಇದ್ದರೆ ಈ ವಾರವೇ ಆ ಮನೆಗೆ ಹೋಗಿ ಬರೋಣ. ಅಯ್ಯೋ ಪಾಪ ಎನ್ನುವುದಕ್ಕಲ್ಲ, ಆ ತಾಯಿಯ ಜೊತೆಗೆ ಜಿಲ್ಲಾಸ್ಪತ್ರೆಗೆ ಹೋಗುವುದಕ್ಕೆ.