ದಶಾಂಶದ ಬೆನ್ನು ಹತ್ತಿದ ಆ್ಯಸ್ಟನ್

ಹೈಸ್ಕೂಲಿನಲ್ಲಿ ಕ್ಲೋರಿನ್‌ನ ಪರಮಾಣು ತೂಕ 35.5 ಎಂದು ಬಾಯಿಪಾಠ ಮಾಡಿದ ನೆನಪು ನಿಮಗಿರಬಹುದು. ಹಾಗಾದರೆ 35.5 ತೂಗುವ ಕ್ಲೋರಿನ್ ಪರಮಾಣು ಎಲ್ಲಾದರೂ ಇದೆಯೇ? ಇಲ್ಲ. ಹುಡುಕಿದರೆ ಒಂದೂ ಸಿಗುವುದಿಲ್ಲ! ಆದರೆ ಒಂದು ಧಾತುವಿನ ಎಲ್ಲ ಪರಮಾಣುಗಳೂ ಒಂದೇ ತೂಕದವು ಎಂಬ ಜಾನ್ ಡಾಲ್ಟನ್‌ರ ಮಾತನ್ನು ವಿಜ್ಞಾನಿಗಳು ಸುಮಾರು ನೂರು ವರ್ಷ ನಂಬಿಕೊಂಡು ಬಂದಿದ್ದರು. ಪರಮಾಣುಗಳನ್ನೇ ತೂಗಿ ಆ ನಂಬಿಕೆ ತಪ್ಪೆಂದು ತೋರಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ವಿಲಿಯಂ ಆ್ಯಸ್ಟನ್.

ಆ್ಯಸ್ಟನ್ ಹುಟ್ಟಿದ್ದು 1877ರ ಸೆಪ್ಟೆಂಬರ್ 1ರಂದು, ಬರ್ಮಿಂಗ್‌ಹ್ಯಾಮ್ ಬಳಿಯ ಹಾರ್ಬೋರ್ನ್‌ನಲ್ಲಿ. ಅಲ್ಲಿನ ಮೇಸನ್ ಕಾಲೇಜಿನಲ್ಲಿ ರಸಾಯನವಿಜ್ಞಾನ ಓದಿದರು. ಸಂಶೋಧನೆಯ ಆಸೆಯೇನೋ ಇತ್ತು, ಆದರೆ ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಹಾಗಾಗಿ ಹುದುಗುವಿಕೆಯ ರಸಾಯನವಿಜ್ಞಾನ ಕಲಿತು, 1900ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಮೂರು ವರ್ಷ ಅಲ್ಲೇ ದುಡಿದರು.

ಕಾರ್ಖಾನೆಯ ಕೆಲಸದ ಜೊತೆಗೆ ಅವರಿಗೆ ಇನ್ನೊಂದು ಹುಚ್ಚಿತ್ತು. ಮನೆಯಲ್ಲೇ ಸಣ್ಣ ಪ್ರಯೋಗಾಲಯ ಮಾಡಿಕೊಂಡು, ಗಾಜು ಊದಿ ತಮಗೆ ಬೇಕಾದ ಕೊಳವೆಗಳನ್ನು ತಾವೇ ತಯಾರಿಸುತ್ತಿದ್ದರು. ಕ್ಷ-ಕಿರಣ ಪತ್ತೆಯಾಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿದರೆ ಏನಾಗುತ್ತದೆ ಎಂಬುದು ಅವರನ್ನು ಕಾಡುತ್ತಿತ್ತು. 1903ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಕೆಲಸ ಬಿಟ್ಟು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬಂದರು. 1910ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ, ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ ಅವರಿಗೆ ಸಹಾಯಕರಾದರು.

ನಿಜವಾದ ಕತೆ ಶುರುವಾಗುವುದು ಇಲ್ಲಿಂದ. ನಿಯಾನ್ ಅನಿಲದ ಪರಮಾಣು ತೂಕ 20.2. ಆದರೆ ಥಾಮ್ಸನ್‌ರ ಉಪಕರಣದ ಛಾಯಾಫಲಕದಲ್ಲಿ ನಿಯಾನ್ ಎರಡು ಗೆರೆ ಮೂಡಿಸಿತು. 20ರ ಜಾಗದಲ್ಲಿ ಒಂದು ದಟ್ಟ ಗೆರೆ, 22ರ ಜಾಗದಲ್ಲಿ ಇನ್ನೊಂದು ಮಸುಕು ಗೆರೆ. ಎರಡನೆಯದು ಏನು? ಹೊಸ ಅನಿಲವೇ? ನಿಯಾನ್‌ಗೆ ಜಲಜನಕ ಅಂಟಿಕೊಂಡಿದೆಯೇ? ಅಥವಾ ನಿಯಾನ್‌ನಲ್ಲೇ ಎರಡು ಬಗೆಯೇ? ವಿಕಿರಣಶೀಲ ಧಾತುಗಳಲ್ಲಿ ಹೀಗೆ ಒಂದೇ ಗುಣದ, ಬೇರೆ ತೂಕದ ಪರಮಾಣುಗಳಿವೆ ಎಂದು ಫ್ರೆಡೆರಿಕ್ ಸೋಡಿ ಹೇಳಿ, ಅವಕ್ಕೆ ಐಸೋಟೋಪ್ ಎಂದು ಹೆಸರಿಟ್ಟದ್ದು ಅದೇ ಸುಮಾರಿಗೆ, 1913ರಲ್ಲಿ.

ಎರಡನ್ನೂ ಬೇರ್ಪಡಿಸಲು ಆ್ಯಸ್ಟನ್ ಹೊರಟರು. ಮೊದಲು ನಿಯಾನನ್ನು ಅತಿಯಾಗಿ ತಂಪಾಗಿಸಿ ಬೇರ್ಪಡಿಸಲು ನೋಡಿದರು, ಆಗಲಿಲ್ಲ. ಆಮೇಲೆ ಅದನ್ನು ಸಣ್ಣ ರಂಧ್ರಗಳಿರುವ ಜೇಡಿಮಣ್ಣಿನ ಕೊಳವೆಯ ಮೂಲಕ ಮತ್ತೆ ಮತ್ತೆ ಹಾಯಿಸಿದರು. ತೂಗಲು ಅತಿ ಸೂಕ್ಷ್ಮ ತಕ್ಕಡಿಯನ್ನೂ ತಾವೇ ಮಾಡಿಕೊಂಡರು. ಅಷ್ಟೆಲ್ಲ ಮಾಡಿದ ಮೇಲೆ ಸಿಕ್ಕ ವ್ಯತ್ಯಾಸ ತೀರಾ ಕಡಿಮೆ. ಅನುಮಾನ ಪಡುವವರ ಬಾಯಿ ಮುಚ್ಚಿಸಲು ಅದು ಸಾಲದು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆ್ಯಸ್ಟನ್ ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಗೆ ಹೋದರು. ಆಗಿನ ವಿಮಾನದ ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ ಇರುತ್ತಿತ್ತು. ಆ ಬಟ್ಟೆಯನ್ನು ಬಿಗಿಗೊಳಿಸಿ ಕಾಪಾಡುವ ಲೇಪಗಳ ಮೇಲೆ ಅವರ ಕೆಲಸ. ಒಂದು ವಿಮಾನ ಅಪಘಾತದಲ್ಲಿ ಬದುಕಿ ಉಳಿದರು. ಈ ವರ್ಷಗಳಲ್ಲೂ ನಿಯಾನ್‌ನ ಪ್ರಶ್ನೆ ಅವರನ್ನು ಬಿಡಲಿಲ್ಲ.

1919ರಲ್ಲಿ ಕೇಂಬ್ರಿಜ್‌ಗೆ ಮರಳಿ ಅವರು ಕಟ್ಟಿದ ಉಪಕರಣವೇ ಮಾಸ್ ಸ್ಪೆಕ್ಟ್ರೋಗ್ರಾಫ್. ಅದು ಹೇಗೆ ಕೆಲಸ ಮಾಡುತ್ತದೆ? ಕಣದಲ್ಲಿ ರಾಶಿ ತೂರುವುದನ್ನು ನೆನಪಿಸಿಕೊಳ್ಳಿ. ಗಾಳಿಗೆ ಹಗುರ ಹೊಟ್ಟು ದೂರ ಹಾರುತ್ತದೆ, ತೂಕದ ಕಾಳು ಹತ್ತಿರವೇ ಬೀಳುತ್ತದೆ. ಇಲ್ಲಿ ಗಾಳಿಯ ಕೆಲಸವನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ಮಾಡುತ್ತವೆ. ವಿದ್ಯುದಾವೇಶ ಪಡೆದ ಪರಮಾಣುಗಳಲ್ಲಿ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಒಂದೇ ತೂಕದವು, ವೇಗ ಸ್ವಲ್ಪ ಬೇರೆಯಾದರೂ, ಛಾಯಾಫಲಕದ ಒಂದೇ ಜಾಗದಲ್ಲಿ ಬಂದು ಸೇರುವಂತೆ ಮಾಡಿದ್ದು ಆ್ಯಸ್ಟನ್‌ರ ಜಾಣ್ಮೆ.

ನಿಯಾನ್‌ನ ಅನುಮಾನ ಬಗೆಹರಿಯಿತು. ಕ್ಲೋರಿನ್‌ನ ಗುಟ್ಟೂ ಹೊರಬಿತ್ತು. ಅದರಲ್ಲಿ 35 ಮತ್ತು 37 ತೂಕದ ಎರಡು ಬಗೆಯ ಪರಮಾಣುಗಳಿವೆ, ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು 35ರವು, ಒಂದು 37ರದು. ಸರಾಸರಿ ತೆಗೆದರೆ 35.5! ಒಟ್ಟು 212 ಐಸೋಟೋಪ್‌ಗಳನ್ನು ಆ್ಯಸ್ಟನ್ ಗುರುತಿಸಿದರು. ಅವುಗಳ ತೂಕ ಪೂರ್ಣಾಂಕಕ್ಕೆ ತೀರಾ ಹತ್ತಿರ ಇರುತ್ತದೆ ಎಂಬ ನಿಯಮವನ್ನೂ ಕೊಟ್ಟರು. 1922ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು.

ಆದರೆ ಒಂದು ದಶಾಂಶ ಮಾತ್ರ ಹಾಗೇ ಉಳಿಯಿತು. ಆಮ್ಲಜನಕವನ್ನು 16 ಎಂದಿಟ್ಟುಕೊಂಡರೆ ಜಲಜನಕ 1 ಆಗಬೇಕಿತ್ತು, ಬಂದದ್ದು 1.008. ಇಷ್ಟು ಚಿಕ್ಕದನ್ನು ಅಳತೆಯ ದೋಷ ಎಂದು ಬಿಟ್ಟುಬಿಡಬಹುದಿತ್ತು. ಆ್ಯಸ್ಟನ್ ಬಿಡಲಿಲ್ಲ. ನಾಲ್ಕು ಜಲಜನಕ ಸೇರಿ ಒಂದು ಹೀಲಿಯಂ ಆದರೆ ಸ್ವಲ್ಪ ದ್ರವ್ಯರಾಶಿ ಕಾಣೆಯಾಗುತ್ತದೆ. ಐನ್‌ಸ್ಟೈನ್‌ರ ಸೂತ್ರದ ಪ್ರಕಾರ ಅದು ಅಪಾರ ಶಕ್ತಿಯಾಗಬೇಕು. ಸೂರ್ಯ ಉರಿಯುವುದು ಇದರಿಂದಲೇ ಇರಬಹುದೆಂದು ಆರ್ಥರ್ ಎಡಿಂಗ್ಟನ್ 1920ರಲ್ಲಿ ವಾದಿಸಿದ್ದು ಆ್ಯಸ್ಟನ್‌ರ ಈ ಅಳತೆಗಳನ್ನು ಆಧರಿಸಿಯೇ.

ಈ ಶಕ್ತಿ ಮನುಷ್ಯನ ಕೈಗೆ ಸಿಕ್ಕರೆ ಏನಾದೀತು ಎಂಬುದನ್ನೂ ಆ್ಯಸ್ಟನ್ ಯೋಚಿಸಿದ್ದರು. ಅದು ಹಿಡಿತ ತಪ್ಪಿಹೋಗುವ ಸಾಧ್ಯತೆಯೂ ಇದೆ ಎಂದು ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾದ ಮೇಲೆ ಯುರೇನಿಯಂ ಬಾಂಬ್ ಬಿತ್ತು. ಅದಕ್ಕೆ ಬೇಕಾದ ಯುರೇನಿಯಂ ಐಸೋಟೋಪನ್ನು ಬೇರ್ಪಡಿಸಲು ಬಳಸಿದ ಯಂತ್ರಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನ ತತ್ವದ್ದೂ ಇದ್ದವು. ಅದೇ ವರ್ಷ ನವೆಂಬರ್ 20ರಂದು ಆ್ಯಸ್ಟನ್ ಕೇಂಬ್ರಿಜ್‌ನಲ್ಲಿ ತೀರಿಕೊಂಡರು.

ಆ ಉಪಕರಣದ ಮರಿಮಕ್ಕಳು ಇಂದು ಆಸ್ಪತ್ರೆಗಳಿಗೂ ಕೆಲಸ ಮಾಡುತ್ತಿವೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಹುಟ್ಟಿನಿಂದ ಬರುವ ಹಲವು ಚಯಾಪಚಯ ರೋಗಗಳ ಸುಳಿವನ್ನು ಪತ್ತೆಹಚ್ಚುವುದು ಮಾಸ್ ಸ್ಪೆಕ್ಟ್ರೋಮೀಟರೇ. ತರಕಾರಿಯಲ್ಲಿ ಉಳಿದ ಕೀಟನಾಶಕ, ಕ್ರೀಡಾಪಟು ಸೇವಿಸಿದ ನಿಷೇಧಿತ ಮದ್ದು, ಇವನ್ನೂ ಅದು ಹಿಡಿದುಕೊಡುತ್ತದೆ, ತೂಕದ ಆಧಾರದ ಮೇಲೆಯೇ.