ಜೋಸೆಫ್ ಲಿಸ್ಟರ್

ಮಳೆಗಾಲ ಬಂತೆಂದರೆ ಯಸಳೂರಿನ ಕಾಫಿತೋಟಗಳಲ್ಲಿ ಇಂಬಳಗಳ ಕಾಟ. ಕಚ್ಚಿದ ಜಾಗವನ್ನು ಕೆರೆದು, ಚರ್ಮ ಹರಿದು, ಅದು ಕೀತು ಹುಣ್ಣಾಗುವುದು ಮಲೆನಾಡಿನ ಮಕ್ಕಳಿಗೆ ಹೊಸದಲ್ಲ. ಗಾಯವು ಕೀಯುವುದೇಕೆ? ಈ ಪ್ರಶ್ನೆಯನ್ನು ಬಹುಕಾಲ ಬೆನ್ನಟ್ಟಿದವನು ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್.

ಲಿಸ್ಟರನು 1827ರ ಏಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ ಜನಿಸಿದನು. ಅವನ ತಂದೆ ದ್ರಾಕ್ಷಾರಸದ ವ್ಯಾಪಾರಿ. ಆದರೂ ಸೂಕ್ಷ್ಮದರ್ಶಕವನ್ನು ಸುಧಾರಿಸಿ ಹೆಸರಾದವನು. ಮಗನಿಗೂ ಆ ಉಪಕರಣದ ಗೀಳು ಹತ್ತಿತು. 1853ರಲ್ಲಿ ಅವನು ಪ್ರಕಟಿಸಿದ ಲೇಖನಗಳಲ್ಲೊಂದು ಚರ್ಮದೊಳಗಿನ ಸ್ನಾಯುಗಳನ್ನು ಕುರಿತದ್ದು. ಚಳಿಯಾದಾಗ ನಮ್ಮ ರೋಮಗಳು ನಿಮಿರುವುದು ಆ ಸಣ್ಣ ಸ್ನಾಯುಗಳಿಂದಲೇ.

1861ರಲ್ಲಿ ಅವನು ಗ್ಲಾಸ್ಗೋ ನಗರದ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ಶಸ್ತ್ರಚಿಕಿತ್ಸೆಯನ್ನು ತಾಳಿಕೊಂಡ ಅನೇಕರು ಅನಂತರ ಗಾಯ ಕೊಳೆತು ಸಾಯುತ್ತಿದ್ದರು. ವೈದ್ಯರು ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಲಿಸ್ಟರನ ಗಮನವನ್ನು ಸೆಳೆದುದು ಬೇರೊಂದು ಸಂಗತಿ. ಎಲುಬು ಮುರಿದರೂ ಮೇಲಿನ ಚರ್ಮ ಹರಿಯದಿದ್ದರೆ ಕೀವಾಗದೆ ಕೂಡಿಕೊಳ್ಳುತ್ತಿತ್ತು. ಚರ್ಮ ಹರಿದಿದ್ದರೆ ಕೊಳೆಯುತ್ತಿತ್ತು. ಚರ್ಮದ ಹೊರಪದರವು ಸತ್ತ ಕಣಗಳು ಒತ್ತಾಗಿ ಹೆಣೆದುಕೊಂಡ ಗೋಡೆ. ಅದು ಒಡೆದಾಗ ರಕ್ತ ಹೆಪ್ಪುಗಟ್ಟಿ ಹಕ್ಕಳೆಯಾಗುತ್ತದೆ. ಅದರಡಿಯಲ್ಲಿ ಅಂಚುಗಳಿಂದ ಹೊಸ ಕಣಗಳು ಸರಿದುಬಂದು ಬಿರುಕನ್ನು ಮುಚ್ಚುತ್ತವೆ. ಅಲ್ಲಿಯವರೆಗೆ ಬಾಗಿಲು ತೆರೆದೇ ಇರುತ್ತದೆ.

ಆ ಬಾಗಿಲಿನಿಂದ ಒಳಹೊಗುವುದೇನು? ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಪಾಶ್ಚರನು ತೋರಿಸಿದ್ದನು. 1865ರಲ್ಲಿ ಲಿಸ್ಟರನಿಗೆ ಅದು ತಿಳಿದುಬಂತು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ನಾತವನ್ನಡಗಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದುದನ್ನೂ ಅವನು ಕೇಳಿದ್ದನು.

ಅದೇ ವರ್ಷದ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಬಾಲಕ ಜೇಮ್ಸ್ ಗ್ರೀನ್‌ಲೀಸ್ ಆಸ್ಪತ್ರೆಗೆ ಬಂದನು. ಚರ್ಮ ಹರಿದಿತ್ತು. ಅಂಥ ಕಾಲನ್ನು ಕತ್ತರಿಸುವುದು ಅಂದಿನ ಸಾಮಾನ್ಯ ಪದ್ಧತಿ. ಲಿಸ್ಟರನು ಆಮ್ಲದಲ್ಲಿ ತೊಯ್ದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದನು. ನಾಲ್ಕು ದಿನಗಳ ಮೇಲೆ ಬಿಚ್ಚಿ ನೋಡಿದಾಗ ಕೀವಿರಲಿಲ್ಲ. ಆದರೆ ಮದ್ದು ಸುತ್ತಲಿನ ಚರ್ಮವನ್ನೇ ಕೆರಳಿಸಿತ್ತು. ಅವನು ಅದನ್ನು ತೆಳುಗೊಳಿಸಿ ಚಿಕಿತ್ಸೆಯನ್ನು ಮುಂದುವರಿಸಿದನು. ಆರು ವಾರಗಳಲ್ಲಿ ಎಲುಬು ಕೂಡಿಕೊಂಡಿತು, ಕಾಲು ಉಳಿಯಿತು.

ಈ ವಿಧಾನಕ್ಕೆ ಮೊದಲು ಅವನ ವಾರ್ಡಿನಲ್ಲಿ ಅಂಗಚ್ಛೇದಕ್ಕೊಳಗಾದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಅನಂತರ 40 ಮಂದಿಯಲ್ಲಿ 6 ಮಂದಿ. ಆದರೂ ಹಲವರು ನಂಬಲಿಲ್ಲ. ಲಿಸ್ಟರನೂ ಎಡವದೆ ಇರಲಿಲ್ಲ. ಗಾಳಿಯ ಜೀವಿಗಳಿಗೆ ಅತಿಯಾಗಿ ಅಂಜಿ ಶಸ್ತ್ರಚಿಕಿತ್ಸೆಯ ವೇಳೆ ಆಮ್ಲವನ್ನು ತುಂತುರಾಗಿ ಸಿಂಪಡಿಸುತ್ತಿದ್ದನು. 1890ರಲ್ಲಿ ಅದು ಅನಗತ್ಯವೆಂದು ತಾನೇ ಒಪ್ಪಿದನು.

ಅವನ ಮಾರ್ಗವನ್ನು ಮೆಚ್ಚಿದ ಅಲೆಕ್ಸಾಂಡರ್ ಆಗ್ಸ್ಟನ್ ಎಂಬ ಶಸ್ತ್ರವೈದ್ಯನು 1880ರಲ್ಲಿ ಕೀವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟನು. ದ್ರಾಕ್ಷಿಗೊಂಚಲಿನಂತೆ ಕಂಡ ಜೀವಿಗಳಿಗೆ ಮುಂದೆ ಸ್ಟೆಫೈಲೋಕಾಕಸ್ ಎಂದು ಹೆಸರಿಟ್ಟನು. ಲಿಸ್ಟರನು 1912ರ ಫೆಬ್ರವರಿ 10ರಂದು ತೀರಿಕೊಂಡನು. ಮಕ್ಕಳ ಕಾಲಿನಲ್ಲೇಳುವ ಕುರುಗಳಿಗೆ ಸಾಮಾನ್ಯವಾಗಿ ಕಾರಣವಾಗುವುದು ಆ ಗೊಂಚಲಿನ ಜೀವಿಯೇ.